ಒಲ್ಲದವರ ಬೋಗಿ

ನಮ್ಮ ಊರಿನಲ್ಲಿ ಯಾರನ್ನೂ ‘ಎಲ್ಲಿಗೆ ಹೊರಟಿರಿ’ ಎಂದು ಕೇಳುವುದಿಲ್ಲ. ಬೇರೆ ಕಡೆಗಳಲ್ಲೂ ಹಾಗೆ ಕೇಳಬಾರದು ಎನ್ನುತ್ತಾರಂತೆ. ಅಲ್ಲಿ ಕೇಳಿದರೆ ಅಪಶಕುನ, ಹೋದ ಕೆಲಸ ಆಗುವುದಿಲ್ಲ, ಅಷ್ಟೆ. ನಮ್ಮಲ್ಲಿ ಕೇಳಿದರೆ ಹೋಗಬೇಕಾದ ಜಾಗವೇ ಇನ್ನಷ್ಟು ದೂರ ಸರಿಯುತ್ತದೆ. ಕೇಳಿಸಿಕೊಂಡವನಿಗೆ ತಾನು ಎಲ್ಲಿಗೆ ಹೊರಟಿದ್ದೆ ಎಂಬುದು ನೆನಪಾಗುತ್ತದೆ, ನೆನಪಾದೊಡನೆ ಬೇಗ ಸೇರಬೇಕೆಂಬ ಆಸೆ ಹುಟ್ಟುತ್ತದೆ, ಆಸೆ ಹುಟ್ಟಿದೊಡನೆ ದಾರಿ ಉದ್ದವಾಗುತ್ತದೆ. ಹೋಗಲು ಮನಸ್ಸಿಲ್ಲದವನಿಗೆ ಅದೇ ದಾರಿ ಗಿಡ್ಡ. ನದಿಯ ಸೇತುವೆಯಿಂದ ಈಚೆಗೆ ಎಲ್ಲ ಕಡೆಯೂ ಹೀಗೆಯೇ. ಸೇತುವೆಯಿಂದ ಆಚೆಗೆ ಒಂದು ಮೈಲಿ ಎಂದರೆ ಎಲ್ಲರಿಗೂ ಒಂದೇ ಮೈಲಿ.

ನಾವು ಇದಕ್ಕೆ ಹೊಂದಿಕೊಂಡಿದ್ದೇವೆ. ಹೆರಿಗೆಗೆ ಕರೆ ಬಂದರೆ ಸೂಲಗಿತ್ತಿ ಪುಟ್ಟಮಾದಮ್ಮ ಕೈಯಲ್ಲಿ ಖಾಲಿ ಎಣ್ಣೆ ಬಾಟಲಿ ಹಿಡಿದು, ಗಾಣದ ಕಡೆ ಹೊರಟವಳಂತೆ ಹೊರಡುತ್ತಾಳೆ. ದಾರಿಯಲ್ಲಿ ಬೇಲಿಯ ಸೊಪ್ಪನ್ನೂ ಕಿತ್ತುಕೊಳ್ಳುತ್ತಾಳೆ. ಅಗ್ನಿಶಾಮಕ ದಳದವರು ಬೆಂಕಿ ಎಂದು ಕೇಳಿದ ಕೂಡಲೇ ಒಂದೊಂದು ಲೋಟ ಟೀ ಕುಡಿದು, ಹಾಡು ಹೇಳಿಕೊಂಡು ಬರುತ್ತಾರೆ. ಶಾಲೆ ಬೇಡವೆಂದು ಅಳುವ ಮಕ್ಕಳು ಹೊಸಿಲು ದಾಟಿದರೆ ಸಾಕು, ಶಾಲೆಯ ಅಂಗಳದಲ್ಲೇ ಇರುತ್ತಾರೆ. ಮದುವೆಗಳಲ್ಲಿ ಗಂಡು ತಡವಾಗಿ ಬಂದಷ್ಟೂ ಹೆಣ್ಣಿನ ಕಡೆಯವರಿಗೆ ಸಮಾಧಾನ. ಮುಹೂರ್ತಕ್ಕೆ ಮುಂಚೆಯೇ ಬಂದು ಕೂತ ವರನನ್ನು ಮೂಲೆಗೆ ಕರೆದು ‘ಏನಪ್ಪಾ, ಮನಸ್ಸಿದೆ ತಾನೆ?’ ಎಂದು ವಿಚಾರಿಸುವ ಪದ್ಧತಿ ಇದೆ. ನನ್ನ ಮದುವೆಗೆ ನಾನು ತಲುಪಿದ್ದು ಊಟದ ಎರಡನೆಯ ಪಂಕ್ತಿ ಏಳುವ ಹೊತ್ತಿಗೆ. ಮಾವನವರು ಕಣ್ಣೊರೆಸಿಕೊಂಡು ನನ್ನನ್ನು ಅಪ್ಪಿಕೊಂಡರು.

ನನ್ನ ಹೆಸರು ತ್ರಿಲೋಚನ. ಭೌತಶಾಸ್ತ್ರ ಓದಿ, ಊರಿನ ಅಳತೆ ಮತ್ತು ತೂಕದ ಕಚೇರಿಯಲ್ಲಿ ಇನ್ಸ್‌ಪೆಕ್ಟರಾಗಿ ಸೇರಿದವನು. ಅಂಗಡಿಗಳ ತಕ್ಕಡಿ, ಬಟ್ಟು, ಬಟ್ಟೆಯ ಮೀಟರುಕೋಲು ಇವುಗಳಲ್ಲಿ ತಕರಾರಿಲ್ಲ; ಒಂದು ಕಿಲೋ ನಮ್ಮಲ್ಲೂ ಒಂದು ಕಿಲೋ. ದಾರಿ ಅಳೆಯುವಾಗ ಮಾತ್ರ ಅಳೆದವನ ಮನಸ್ಸು ಹೇಗಿತ್ತು ಎಂಬುದನ್ನು ಪಕ್ಕದಲ್ಲಿ ಬರೆಯುತ್ತೇವೆ. ಸೇತುವೆಯಿಂದ ಊರಿಗೆ ಹನ್ನೊಂದು ಕಿಲೋಮೀಟರ್ ಎಂದು ಕಲ್ಲಿನಲ್ಲಿ ಕೊರೆದಿದೆಯಲ್ಲ, ಅದು ನಾನು ಬೇಗ ಮುಗಿಯಲಿ ಎಂಬ ಆಸೆಯೂ ಇಲ್ಲದೆ, ಮುಗಿಯದಿರಲಿ ಎಂಬ ಆಸೆಯೂ ಇಲ್ಲದೆ, ಸಂಬಳಕ್ಕಾಗಿ ಅಳೆದಾಗ ಬಂದ ಲೆಕ್ಕ.

ನನ್ನ ಹೆಂಡತಿ ಚಂಪಕಾ ನಗರದ ನೀರು ಸರಬರಾಜು ಮಂಡಳಿಯಲ್ಲಿ ರಸಾಯನಜ್ಞೆ. ನಗರದ ನೀರನ್ನು ನಮ್ಮೂರಿನಲ್ಲಿ ಕೂತು ಪರೀಕ್ಷಿಸಲಾಗದು, ನಮ್ಮೂರಿನ ತಕ್ಕಡಿಗಳನ್ನು ನಗರದಲ್ಲಿ ಕೂತು ನೋಡಲಾಗದು. ಹಾಗಾಗಿ ಮದುವೆಯಾದ ಲಾಗಾಯ್ತು ನಮ್ಮ ಸಂಸಾರ ಭಾನುವಾರದ ಸಂಸಾರ. ಶನಿವಾರ ಅವಳು ಬಸ್ಸು ಹತ್ತಿದರೆ ಸೇತುವೆಯವರೆಗೆ ಆರು ಗಂಟೆ. ಅಲ್ಲಿಂದ ಈಚೆಗೆ ಊರು ಹಿಂದೆ ಹಿಂದೆ ಸರಿಯುತ್ತಿತ್ತು. ಭಾನುವಾರ ಮಧ್ಯಾಹ್ನ ಹೊರಡುವಾಗಲಂತೂ ಸೇತುವೆ ನಮ್ಮ ಮನೆಯ ಗೇಟಿಗೇ ಬಂದು ನಿಂತಿರುತ್ತಿತ್ತು. ಕೈ ಬೀಸಲು ಎತ್ತಿದರೆ ಬಸ್ಸು ಆಚೆ ದಡದಲ್ಲಿ. ಬರುವುದು ಅಷ್ಟು ದೂರ, ಹೋಗುವುದು ಇಷ್ಟು ಹತ್ತಿರ ಎಂಬುದಕ್ಕೆ ನಾನು ಯಾರ ಮೇಲೂ ಕೋಪ ಮಾಡಿಕೊಳ್ಳುವಂತಿರಲಿಲ್ಲ. ಇಬ್ಬರ ಮನಸ್ಸೂ ಸರಿಯಾಗಿದೆ ಎಂಬುದಕ್ಕೆ ಅದೇ ಪುರಾವೆ.

ಆದ್ದರಿಂದ ಅತಿವೇಗದ ರೈಲು ಬರುತ್ತದೆ ಎಂಬ ಸುದ್ದಿ ತಿಳಿದಾಗ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನೇ. ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ರೈಲು ಬಂದರೆ ಚಂಪಕಾ ದಿನಾ ಸಂಜೆ ಮನೆಗೆ ಬರಬಹುದು. ಹಿಗ್ಗನ್ನು ಹೊರಗೆ ತೋರಿಸಲಿಲ್ಲ. ತೋರಿಸಿದರೆ ರೈಲು ಬರುವುದೂ ತಡವಾದೀತು.

ಕೆಲಸದ ಮೇಲ್ವಿಚಾರಣೆಗೆ ರಾಜಧಾನಿಯಿಂದ ಬಿಂದುಮಾಧವ ರಾವ್ ಎಂಬ ಮುಖ್ಯ ಎಂಜಿನಿಯರ್ ಬಂದರು. ಕಿವಿಯ ಹಿಂದೆ ಪೆನ್ಸಿಲ್ಲು, ಎರಡು ಕೈಗೂ ಗಡಿಯಾರ. ನೆಲದ ಅಳತೆ ಪ್ರಮಾಣೀಕರಿಸಲು ನನ್ನನ್ನು ಅವರ ಜೊತೆ ಹಾಕಿದರು. ರಾಯರಿಗೆ ಮೊದಲು ಎದುರಾದ ತೊಂದರೆಗಳು ಎಲ್ಲ ಕಡೆಯ ತೊಂದರೆಗಳೇ. ಆ ವೇಗಕ್ಕೆ ಹಳಿ ನೆಟ್ಟಗಿರಬೇಕು, ತಿರುಗಿದರೂ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ತಿರುಗಬೇಕು, ಎಮ್ಮೆ ನುಗ್ಗದಂತೆ ಬೇಲಿ ಬೇಕು, ನಡುವೆ ಎಲ್ಲೂ ನಿಲ್ಲಬಾರದು. ಸೇತುವೆಯ ಆಚೆಗೆ ಏಳು ಊರಿನವರು ನಮ್ಮಲ್ಲಿ ನಿಲ್ಲಿಸಿ ಎಂದು ಹಾಕದ ಹಳಿಯ ಮೇಲೆ ಧರಣಿ ಕೂತರು. ‘ಎಲ್ಲ ಕಡೆ ನಿಲ್ಸಿದ್ರೆ ಅದು ರೈಲಲ್ಲ ಕಣ್ರಪ್ಪಾ, ಸಿಟಿ ಬಸ್ಸು’ ಎಂದು ರಾಯರು ಕೈಮುಗಿದರು. ಕೊನೆಗೆ ರೈಲು ನಿಲ್ಲುವುದಿಲ್ಲ, ಆದರೆ ಒಂದೊಂದು ಊರಿನ ಮುಂದೆಯೂ ಧ್ವನಿವರ್ಧಕದಲ್ಲಿ ಆ ಊರಿನ ಹೆಸರನ್ನು ಗೌರವದಿಂದ ಕೂಗಿಕೊಂಡು ಹೋಗುತ್ತದೆ ಎಂದು ರಾಜಿಯಾಯಿತು.

ಸೇತುವೆಯ ಈಚೆಗೆ ಬಂದಾಗ ತೊಂದರೆಯ ಜಾತಿ ಬದಲಾಯಿತು. ಹಳಿ ಹಾಯುವ ಜಮೀನಿನ ಉದ್ದಕ್ಕೆ ತಕ್ಕಂತೆ ಪರಿಹಾರ ಎಂದು ರೈಲು ಕಂಪನಿ ಸಾರಿತ್ತು. ಮೊದಲ ಜಮೀನು ಬೋರಲಿಂಗೇಗೌಡನದು. ಸರ್ವೆಯ ಹುಡುಗರು ಸರಪಳಿ ಹಿಡಿದು ಹೊರಡುವ ಮುಂಚೆ ಗೌಡ ಕರುಣೆಯಿಂದ ಹೇಳಿದ: ‘ಪಾಪ, ಹಸ್ಕೊಂಡಿದೀರ. ಆ ತುದೀಲಿ ನಮ್ಮನೆಯೋರು ಬಿಸಿ ಮುದ್ದೆ, ಬಸ್ಸಾರು ಇಟ್ಕಂಡು ಕಾಯ್ತಾವ್ರೆ. ಬೇಗ ಅಳ್ಕಂಡು ಬನ್ನಿ.’ ಹುಡುಗರು ಅಳೆಯುತ್ತ ಹೋದರು, ಹೋದರು, ಬದು ಬರಲೇ ಇಲ್ಲ. ಎರಡು ಎಕರೆಯ ಹೊಲ ಆ ಮಧ್ಯಾಹ್ನ ಒಂದು ಸಣ್ಣ ತಾಲ್ಲೂಕಿನಷ್ಟಾಯಿತು. ಮುಂದಿನ ವಾರ ಊರಿನ ಎಲ್ಲ ಹೊಲಗಳ ಆಚೆ ತುದಿಯಲ್ಲೂ ಒಲೆ ಉರಿಯತೊಡಗಿತು. ರಾಯರು ಸರಪಳಿಗಳನ್ನು ಬದಲಿಸಿದರು, ಹುಡುಗರನ್ನು ಬದಲಿಸಿದರು. ಕೊನೆಗೆ ನಾನೇ ಹೊಟ್ಟೆ ತುಂಬ ಊಟ ಮಾಡಿ ಹೋಗಿ ಅಳೆದುಕೊಟ್ಟೆ.

ಇಷ್ಟಾದರೂ ರಾಯರಿಗೆ ನಮ್ಮೂರಿನ ವಿಷಯವನ್ನು ಯಾರೂ ಬಿಡಿಸಿ ಹೇಳಲಿಲ್ಲ ಎಂಬುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಹೇಳಬೇಕಾದರೆ ಮೊದಲು ಅವರು ಎಲ್ಲಿಗೆ, ಯಾಕೆ, ಎಷ್ಟು ಬೇಗ ಹೋಗಬೇಕು ಎಂಬುದನ್ನು ಕೇಳಬೇಕು. ಅದು ನಮ್ಮಲ್ಲಿ ಮರ್ಯಾದಸ್ಥರು ಕೇಳುವ ಮಾತಲ್ಲ.

ಮೊದಲ ಪರೀಕ್ಷಾರ್ಥ ಓಟದ ದಿನ ನಾವು ಮಾಡಿದ ತಪ್ಪೂ ಇಂಥ ಮರ್ಯಾದೆಯಿಂದಲೇ ಆದದ್ದು. ಊರಿನ ಗಣ್ಯರನ್ನೆಲ್ಲ ಮೊದಲೇ ನಗರಕ್ಕೆ ಕಳಿಸಿ, ಅಲ್ಲಿಂದ ಹೊಸ ರೈಲಿನಲ್ಲಿ ಕರೆತರುವುದು ಎಂದಾಯಿತು. ನಿಲ್ದಾಣದಲ್ಲಿ ವಾಲಗ, ಹಾರ, ಬಾಳೆಲೆಯ ಮೇಲೆ ಹೋಳಿಗೆ. ಪುರಸಭೆಯ ಅಧ್ಯಕ್ಷೆ ನಂಜಮ್ಮಣ್ಣಿಯವರು ಭಾಷಣ ಬಾಯಿಪಾಠ ಮಾಡಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. ನಾನೂ ಇದ್ದೆ. ನಗರದಿಂದ ಸೇತುವೆಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಏಳು ಊರುಗಳ ಹೆಸರು ಒಂದಕ್ಕೊಂದು ಅಂಟಿಕೊಂಡು ಒಂದೇ ಊರಿನ ಹೆಸರಿನಂತೆ ಕೇಳಿಸಿತು. ಸೇತುವೆ ದಾಟಿತು. ಅಲ್ಲಿಂದ ನೂರಾರು ಜನ ಒಟ್ಟಿಗೆ ಹೋಳಿಗೆಯನ್ನು ನೆನೆಸಿಕೊಂಡರು.

ವೇಗದ ಮುಳ್ಳು ಮುನ್ನೂರಿನಿಂದ ಕದಲಲಿಲ್ಲ. ಕಿಟಕಿಯ ಹೊರಗೆ ಗಿಡಮರಗಳು ಗೆರೆಗಳಾಗಿ ಹರಿಯುತ್ತಿದ್ದವು. ಮುಂದೆ ನಮ್ಮೂರಿನ ನೀರಿನ ಟ್ಯಾಂಕು ಕಾಣುತ್ತಿತ್ತು; ಊಟದ ಹೊತ್ತಿಗೂ ಕಾಣುತ್ತಿತ್ತು, ಊಟದ ಹೊತ್ತು ಮೀರಿದ ಮೇಲೂ ಅಷ್ಟೇ ದೂರದಲ್ಲಿ ಕಾಣುತ್ತಿತ್ತು. ರಾಯರು ಚಾಲಕನ ಕೋಣೆಗೂ ಬೋಗಿಗೂ ಓಡಾಡಿದರು. ಚಕ್ರ ಜಾರುತ್ತಿದೆ ಎಂದರು, ವಿದ್ಯುತ್ತು ಸೋರುತ್ತಿದೆ ಎಂದರು, ಎದುರುಗಾಳಿ ಎಂದರು. ಅಷ್ಟರಲ್ಲಿ ಪಕ್ಕದ ರಸ್ತೆಯಲ್ಲಿ ಒಬ್ಬ ಸೈಕಲ್ ಸವಾರ ನಮ್ಮನ್ನು ಹಿಂದೆ ಹಾಕಿದ. ಒಂದು ಕೈಯಲ್ಲಿ ಊದಿದ ಕೆನ್ನೆ ಹಿಡಿದುಕೊಂಡಿದ್ದ. ನಮ್ಮ ಕಡೆ ನೋಡಿ ದುಃಖದಿಂದ ತಲೆಯಾಡಿಸಿ ಮುಂದೆ ಹೋಗಿಬಿಟ್ಟ.

‘ಯಾರ್ರೀ ಅದು?’ ಎಂದು ರಾಯರು ಚೀರಿದರು.

‘ಡಾಕ್ಟರ್ ಹಯವದನರ ಹತ್ರ ಹೋಗ್ತಿದಾನೆ ಅನ್ಸತ್ತೆ ಸಾರ್. ಹಲ್ಲು ಕೀಳಿಸ್ಕೊಳ್ಳೋಕೆ’ ಎಂದೆ.

‘ಅದಕ್ಕೆ?’

ನಾನು ಅತ್ತ ಇತ್ತ ನೋಡಿ, ನಂಜಮ್ಮಣ್ಣಿಯವರು ಕಣ್ಣಿನಲ್ಲೇ ಅಪ್ಪಣೆ ಕೊಟ್ಟ ಮೇಲೆ, ಎಲ್ಲವನ್ನೂ ಹೇಳಿದೆ. ರಾಯರು ಬಹಳ ಹೊತ್ತು ಎರಡೂ ಗಡಿಯಾರ ನೋಡಿಕೊಂಡರು.

‘ರೀ ತ್ರಿಲೋಚನ, ನೀವು ಸೈನ್ಸ್ ಓದಿದೋರು. ಇದನ್ನ ನಂಬ್ತೀರಾ?’

‘ನಂಬೋದೇನು ಬಂತು ಸಾರ್, ನಾನು ಅಳೆಯೋನು. ಕಾರಣ ಸಿಕ್ಕಿಲ್ಲ ಅಂತ ಅಳತೆ ಬಿಡಕ್ಕಾಗತ್ಯೆ?’

ನಾವು ತಲುಪಿದಾಗ ಹೊತ್ತು ಮುಳುಗಿತ್ತು, ವಾಲಗದವರು ಮನೆಗೆ ಹೋಗಿದ್ದರು, ಹೋಳಿಗೆ ಉಳಿದಿರಲಿಲ್ಲ.

ಈ ಸುದ್ದಿ ರಾಜಧಾನಿಗೆ ಹೋಯಿತು. ಎರಡನೆಯ ಓಟವನ್ನು ಸಚಿವರು ನಮ್ಮೂರಿನ ನಿಲ್ದಾಣದಲ್ಲಿ ನಿಂತು ಖುದ್ದಾಗಿ ನೋಡುತ್ತಾರೆ, ತಡವಾದರೆ ಅಲ್ಲೇ ಬಿಂದುಮಾಧವ ರಾಯರ ಅಮಾನತು, ಮಾರ್ಗವೂ ರದ್ದು ಎಂದು ಹೇಳಿ ಕಳಿಸಿದರು. ಸಚಿವರ ಕಾರು ಹೇಳಿದ ಹೊತ್ತಿಗಿಂತ ಬಹಳ ಮುಂಚೆಯೇ ಬಂತು. ನಮ್ಮೂರಿಗೆ ಬರುವ ಸಚಿವರೆಲ್ಲ ಬೇಗ ಬರುತ್ತಾರೆ. ಪ್ಲಾಟ್‌ಫಾರಂ ಮೇಲೆ ಅವರ ಹಿಂದೆ ಕೈಕಟ್ಟಿ ನಾನು ನಿಂತಿದ್ದೆ. ಮಾರ್ಗ ರದ್ದಾದರೆ ನಮ್ಮದು ಮತ್ತೆ ಭಾನುವಾರದ ಸಂಸಾರ.

ಆದರೆ ಆ ದಿನ ರೈಲಿನಲ್ಲಿ ಇದ್ದವರು ಚಾಲಕ ಮತ್ತು ರಾಯರು ಇಬ್ಬರೇ. ಚಾಲಕನಿಗೆ ಬಂದರೂ ಒಂದೇ, ಬಾರದಿದ್ದರೂ ಒಂದೇ. ರಾಯರೋ, ಈ ನಿಲ್ದಾಣವೊಂದನ್ನು ಬಿಟ್ಟು ಪ್ರಪಂಚದ ಯಾವ ಜಾಗಕ್ಕಾದರೂ ಹೋಗಲು ತಯಾರಿದ್ದರು. ಸೇತುವೆಯ ಕಾವಲುಗಾರ ‘ರೈಲು ದಾಟ್ತು ಸಾರ್’ ಎಂದು ಫೋನಿನಲ್ಲಿ ಹೇಳಿದ. ಸ್ಟೇಷನ್ ಮಾಸ್ಟರು ‘ಸರಿ’ ಎನ್ನುವ ಮುಂಚೆ ಗಾಳಿ ನುಗ್ಗಿ ಸಚಿವರ ಶಲ್ಯ ಹಾರಿತು, ರೈಲು ಎದುರಿಗೆ ನಿಂತಿತ್ತು. ಬಾಗಿಲು ತೆರೆದಾಗ ರಾಯರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಸಚಿವರೇ ಹತ್ತಿ ಅವರ ಕೈ ಬಿಡಿಸಿ ಕುಲುಕಿದರು.

‘ಇದಪ್ಪಾ ವೇಗ! ಹೇಗ್ರೀ ಸಾಧಿಸಿದ್ರಿ?’

‘ಹೆದ್ರಿಕೆಯಿಂದ ಸಾರ್’ ಎಂದರು ರಾಯರು. ಸಚಿವರು ಇದನ್ನು ವಿನಯ ಎಂದುಕೊಂಡರು.

ಮಾರ್ಗ ತೆರೆಯಿತು. ಚಂಪಕಾ ನಗರದ ಕೋಣೆ ಬಿಟ್ಟು, ಒಂದು ಟ್ರಂಕು, ಎರಡು ಕುಂಡದ ಗಿಡ ತೆಗೆದುಕೊಂಡು ಮನೆಗೆ ಬಂದಳು. ಬೆಳಗಿನ ರೈಲು ಅದ್ಭುತವಾಗಿ ಓಡುತ್ತಿತ್ತು. ಕೆಲಸಕ್ಕೆ ಹೋಗುವವರನ್ನು ತುಂಬಿಕೊಂಡ ರೈಲು ಸೋಮವಾರಗಳಲ್ಲಂತೂ ಹೊರಟದ್ದೇ ಗೊತ್ತಾಗುತ್ತಿರಲಿಲ್ಲ. ಸಂಜೆಯ ರೈಲಿನಲ್ಲಿ ಅದೇ ಜನ ಮನೆಗೆ ಬರಬೇಕಲ್ಲ. ಸೇತುವೆ ದಾಟಿದ ಮೇಲೆ ಒಬ್ಬೊಬ್ಬರೂ ಅವರವರ ಮನೆ, ಮಕ್ಕಳು, ಚಾಪೆ, ಕಾಫಿ ನೆನೆಸಿಕೊಳ್ಳುವರು, ಊರು ಓಡತೊಡಗುವುದು. ಚಂಪಕಾ ಬಂದು, ಅನ್ನ ಕಲಸಿ, ಕಲಸಿದ ಕೈಯಲ್ಲೇ ತೂಕಡಿಸುತ್ತಿದ್ದಳು. ಮೊದಲು ವಾರಕ್ಕೊಮ್ಮೆಯಾದರೂ ಎಚ್ಚರವಿದ್ದ ಹೆಂಡತಿ ಸಿಗುತ್ತಿದ್ದಳು.

ರಾಯರು ಈಗ ಮಾರ್ಗದ ಮುಖ್ಯಾಧಿಕಾರಿ, ಪೂರ್ತಿ ನಂಬಿದವರು. ಪುರಸಭೆಯಲ್ಲಿ ಸಭೆ ಕರೆದರು. ಇನ್ನೂ ಹೆಚ್ಚು ಶಕ್ತಿಯ ಮೋಟಾರು ಹಾಕಿದರೆ ಹೇಗೆ ಎಂದು ಯಾರೋ ಕೇಳಿದರು. ನಂಜಮ್ಮಣ್ಣಿಯವರು ಎಲೆಯಡಿಕೆ ಮಡಿಸುತ್ತ ನಕ್ಕರು.

‘ಮೋಟ್ರು ಪಾಪ ಏನ್ ಮಾಡತ್ತೆ? ಬೆಳಿಗ್ಗೆ ರೈಲು ಯಾಕೆ ಹಾರತ್ತೆ? ಅದ್ರಲ್ಲಿ ಯಾರ್ಗೂ ಹೋಗೋಕೆ ಇಷ್ಟ ಇಲ್ಲ. ಸಂಜೇಗೂ ಅಂಥೋರನ್ನೇ ಒಂದಷ್ಟು ಹತ್ಸಿ. ಅವ್ರು ಈ ಕಡೆ ಎಳೀಲಿ, ಮನೆಗೆ ಬರೋರು ಆ ಕಡೆ ಎಳೀಲಿ. ಎರಡೂ ಸರಿಹೋಗತ್ತೆ. ನಮ್ಮ ತ್ರಿಲೋಚನಪ್ಪ ತೂಕ ಮಾಡಿಕೊಡ್ತಾರೆ.’

ಹೀಗೆ ಸಂಜೆಯ ರೈಲಿಗೆ ಹಿಂದುಗಡೆ ಒಂದು ಬೋಗಿ ಸೇರಿತು. ಕಂಪನಿಯ ಕಾಗದದಲ್ಲಿ ಅದಕ್ಕೆ ಏನೋ ಒಂದು ಸಂಖ್ಯೆ. ಊರಿನವರು ‘ಒಲ್ಲದವರ ಬೋಗಿ’ ಎಂದರು. ಮೊದಲು ಕೂಲಿ ಕೊಟ್ಟು ಒಲ್ಲದವರನ್ನು ನೇಮಿಸಿದೆವು. ಕೂಲಿ ಸಿಗುವುದು ಇಳಿದ ಮೇಲಾದ್ದರಿಂದ ಅವರಿಗೆ ಇಳಿಯುವ ಆತುರ ಹತ್ತಿ ರೈಲು ಇನ್ನಷ್ಟು ತಡವಾಯಿತು. ನಿಜವಾಗಿ ಒಲ್ಲದವರೇ ಬೇಕಿತ್ತು. ಡಾಕ್ಟರ್ ಹಯವದನರನ್ನು ಬೇಡಿಕೊಂಡು, ಹಲ್ಲು ಕೀಳುವುದನ್ನು ಸಂಜೆಗೆ ಹಾಕಿಸಿ, ನಗರದ ಹಲ್ಲುನೋವಿನವರಿಗೂ ರಿಯಾಯಿತಿ ಸಾರಿದೆವು. ತೆರಿಗೆಯ ವಿಚಾರಣೆಗಳನ್ನು ಸಂಜೆಗೆ ಸರಿಸಿದೆವು. ಸದಾಚಾರದ ಬಗ್ಗೆ ನಿವೃತ್ತ ಪ್ರಾಂಶುಪಾಲರೊಬ್ಬರು ಮಾಡುವ ಉಪನ್ಯಾಸಕ್ಕೆ ನಗರದ ಗುಮಾಸ್ತರು ಕಡ್ಡಾಯವಾಗಿ ಬರಬೇಕೆಂದು ಆಜ್ಞೆ ತರಿಸಿದೆವು. ದಿನಾ ಪ್ರಯಾಣಿಕರನ್ನು ಗಮನಿಸಿ ನಾನು ಒಂದು ಕೋಷ್ಟಕವನ್ನೂ ತಯಾರಿಸಿದೆ. ಹಲ್ಲು ಕೀಳಿಸಿಕೊಳ್ಳುವವನೊಬ್ಬ ಮನೆಗೆ ಬರುವ ನಾಲ್ವರಿಗೆ ಸಮ. ಉಪನ್ಯಾಸಕ್ಕೆ ಬರುವವರು ಎರಡನೆಯ ಸಲ ಬರುವವರಾದರೆ ಆರು ಮಂದಿಗೆ ಸಮ.

ರೈಲು ಸುಧಾರಿಸಿತು. ಸುಧಾರಿಸಿದ ಮೇಲೆ ಇನ್ನೂ ಸುಧಾರಿಸಬಹುದಲ್ಲ ಎಂದು ಕಂಪನಿಗೂ ಅನ್ನಿಸಿತು, ನನಗೂ ಅನ್ನಿಸಿತು. ಒಲ್ಲದವರನ್ನು ಹೆಚ್ಚಿಸುವುದು ಒಂದು ದಾರಿ. ಬರಬೇಕೆನ್ನುವ ಕಾರಣಗಳನ್ನು ಕಡಿಮೆ ಮಾಡುವುದು ಇನ್ನೊಂದು. ಕೆರೆ ಏರಿಯ ಮೇಲೆ ಸಂಜೆ ಗಾಳಿಗೆ ಕೂರುವ ಕಲ್ಲುಬೆಂಚುಗಳಿದ್ದವು, ತೆಗೆಸಿದೆವು. ಹೆಂಗಸರ ಗಾಯನ ಮಂಡಳಿಯ ಅಭ್ಯಾಸವನ್ನು ಬೆಳಗಿನ ಜಾವಕ್ಕೆ ಹಾಕಿದೆವು. ಬೀದಿಯ ಹಳದಿ ದೀಪಗಳಿಗೆ ಬದಲಾಗಿ ಆಸ್ಪತ್ರೆಯಲ್ಲಿರುವಂಥ ಬಿಳಿ ದೀಪ ಬಂತು. ಒಂದೊಂದಕ್ಕೂ ನಾನು ಲೆಕ್ಕ ಹಾಕಿ, ಇಷ್ಟು ಕಿಲೋಮೀಟರ್ ಉಳಿತಾಯ ಎಂದು ಬರೆದು ಸಹಿ ಮಾಡಿದೆ. ಸೇತುವೆ ದಾಟಿದ ರೈಲು ಕಣ್ಣು ಮಿಟುಕಿಸುವುದರಲ್ಲಿ ಬರತೊಡಗಿತು. ಚಂಪಕಾ ಬೆಳಕಿರುವಾಗಲೇ ಮನೆಯಲ್ಲಿರುತ್ತಿದ್ದಳು. ಅವಳ ಮಾತು ಕಡಿಮೆಯಾದದ್ದನ್ನು ಗಮನಿಸಿದೆ. ಅದಕ್ಕೆ ಕೋಷ್ಟಕದಲ್ಲಿ ಜಾಗವಿರಲಿಲ್ಲ.

ಆಮೇಲೆ ಒಂದು ಸರ್ಕಾರಿ ರಜೆ ಬಂತು. ನಗರದಲ್ಲಿ ಎಲ್ಲ ಕಚೇರಿಗೂ ಬಿಡುವು, ನೀರಿನವರಿಗೆ ಮಾತ್ರ ಇಲ್ಲ. ಹಯವದನರೂ ಬಾಗಿಲು ಹಾಕಿದ್ದರು, ಉಪನ್ಯಾಸವೂ ಇರಲಿಲ್ಲ. ಒಲ್ಲದವರ ಬೋಗಿ ಪೂರ್ತಿ ಖಾಲಿ. ಇವತ್ತು ನನ್ನ ಹೆಂಡತಿ ಒಬ್ಬಳೇ ಬರುವವಳು, ರೈಲು ಖಂಡಿತ ತಡ ಎಂದುಕೊಂಡು, ಒಂದು ದಪ್ಪ ಪುಸ್ತಕ, ಒಂದು ಫ್ಲಾಸ್ಕು ಹಿಡಿದು ನಿಲ್ದಾಣಕ್ಕೆ ಹೋದೆ. ಹೆಮ್ಮೆಯಿಂದಲೇ ಹೋದೆ. ಸ್ಟೇಷನ್ ಮಾಸ್ಟರ ಹತ್ತಿರ ‘ಇವತ್ತು ನಮ್ಮನೆಯವಳು ಒಬ್ಬಳೇ ಕಣ್ರೀ, ನೀವು ಬೇಕಾದ್ರೆ ಊಟ ಮಾಡ್ಕೊಂಡು ಬನ್ನಿ’ ಎಂದೂ ಅಂದೆ.

ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ. ರೈಲು ಬಂದು ನಿಂತಿತು.

ಚಂಪಕಾ ಇಳಿದಳು. ಅವಳ ಹಿಂದೆ ಯಾರೂ ಇಳಿಯಲಿಲ್ಲ. ಸ್ಟೇಷನ್ ಮಾಸ್ಟರು ಹಸಿರು ಬಾವುಟವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. ಹೂ ಮಾರುವವಳು ನನ್ನನ್ನು ನೋಡಿದವಳು ಬೇಗನೆ ಬುಟ್ಟಿಯತ್ತ ಬಗ್ಗಿದಳು.

‘ಬೇಗ ಬಂತು’ ಎಂದೆ.

‘ಹೂಂ’ ಎಂದಳು.

ಇಬ್ಬರೂ ಹೊರಗೆ ಕಾಲಿಟ್ಟೆವು. ಆವತ್ತು ನಮ್ಮ ಮನೆ ನಿಲ್ದಾಣದ ಮೆಟ್ಟಿಲಿಗೇ ಅಂಟಿಕೊಂಡಿತ್ತು. ಬೀಗ ತೆಗೆಯುತ್ತ ಕೇಳಿದೆ:

‘ನನ್ನ ಮೇಲೆ ಬೇಜಾರಾ?’

‘ನಿಮ್ಮ ಮೇಲಲ್ಲ ರೀ.’ ಅವಳು ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತಳು. ‘ದಿನಾ ಆ ಹಲ್ಲುನೋವಿನೋರು, ತೆರಿಗೆಯೋರು ಜೊತೇಲಿ ಬರ್ತಾರಲ್ಲ, ಅವ್ರ ಮುಖ ನೋಡಿ ನೋಡಿ ನಂಗೂ ಯಾವ್ದೋ ಶಿಕ್ಷೆಗೆ ಹೋಗ್ತಿದೀನಿ ಅನ್ಸತ್ತೆ. ಇಳಿದ್ರೆ ಏನಿದೆ ಇಲ್ಲಿ? ಕೆರೆ ಮೇಲೆ ಕೂತ್ಕೊಳಕ್ಕೆ ಒಂದು ಬೆಂಚಿಲ್ಲ. ಹಾಡು ಕೋಳಿ ಕೂಗೋ ಹೊತ್ತಿಗೆ. ನಮ್ಮ ಬೀದೀಲಿ ಯಾರೋ ಸತ್ತಿರೋ ಹಾಗೆ ದೀಪ.’

‘ಎಲ್ಲ ನೀನು ಬೇಗ ಬರ್ಲಿ ಅಂತ...’

‘ಬಂದ್ನಲ್ಲ.’

ಅವಳೇ ಮುಂದುವರಿಸಿದಳು: ಮಂಡಳಿಯಲ್ಲಿ ಕ್ವಾರ್ಟರ್ಸ್ ಖಾಲಿ ಇದೆ, ಬೇಕಾ ಎಂದು ಕೇಳಿದ್ದಾರೆ. ಈ ತಿಂಗಳು ಕಳೆದ ಮೇಲೆ ವಾರವೆಲ್ಲ ಅಲ್ಲೇ ಇದ್ದು, ಮೊದಲಿನ ಹಾಗೆ ಭಾನುವಾರ ಬರುತ್ತೇನೆ. ಜಗಳದ ದನಿಯಲ್ಲಿ ಹೇಳಿದ್ದರೆ ಜಗಳವಾಡಬಹುದಿತ್ತು. ನೀರಿನ ಪರೀಕ್ಷೆಯ ಫಲಿತಾಂಶ ಓದುವ ದನಿಯಲ್ಲಿ ಹೇಳಿದಳು.

ಮರುದಿನ ನಾನು ಬೆಂಚುಗಳನ್ನು ವಾಪಸು ಹಾಕಿಸಲು ಅರ್ಜಿ ಕೊಟ್ಟೆ. ಬೆಂಚು ಬರುವುದು ಪುರಸಭೆಯ ಕೈಯಲ್ಲಿತ್ತು, ತಿಂಗಳು ಮುಗಿಯುವುದು ಯಾರ ಕೈಯಲ್ಲೂ ಇರಲಿಲ್ಲ. ಮಧ್ಯಾಹ್ನ ಕಚೇರಿಯಲ್ಲಿ ಮನಸ್ಸು ನಿಲ್ಲದೆ, ಸೇತುವೆಯ ಬಳಿ ಸಂತೆಯ ತಕ್ಕಡಿ ನೋಡುವವನಂತೆ ಹಳೆಯ ಬಸ್ಸು ಹತ್ತಿ ಹೊರಟೆ. ನಡುವೆ ಎಲ್ಲೂ ನಿಲ್ಲದ ಸಂಜೆಯ ರೈಲು ಅಲ್ಲಿ ಸಿಗ್ನಲ್ಲಿಗೆಂದು ಮಾತ್ರ ಒಂದು ಗಳಿಗೆ ನಿಲ್ಲುತ್ತದೆ. ಗಾರ್ಡಿಗೆ ಇನ್ಸ್‌ಪೆಕ್ಟರ್ ಚೀಟಿ ತೋರಿಸಿ ಹತ್ತಿದೆ. ಒಲ್ಲದವರ ಬೋಗಿಯ ಪಕ್ಕದ ಬೋಗಿಯಲ್ಲಿ ಚಂಪಕಾ ಕಿಟಕಿಗೆ ತಲೆಯಿಟ್ಟು ಕೂತಿದ್ದಳು. ನನ್ನನ್ನು ನೋಡಿ ಹುಬ್ಬೇರಿಸಿದಳು.

‘ಇದೇನು ನೀವು ಇಲ್ಲಿ?’

‘ತಕ್ಕಡಿ ನೋಡಕ್ಕೆ ಬಂದಿದ್ದೆ.’

‘ರೈಲಲ್ಲಿ ತಕ್ಕಡಿ?’ ಅವಳು ಸರಿದು ಜಾಗ ಮಾಡಿದಳು. ಪಕ್ಕದಲ್ಲಿ ಕೂತೆ. ಭುಜಕ್ಕೆ ಭುಜ ತಾಗಿತು. ಮದುವೆಯಾದ ಮೇಲೆ ನಾವಿಬ್ಬರೂ ಒಟ್ಟಿಗೆ ಪ್ರಯಾಣ ಮಾಡಿಯೇ ಇಲ್ಲ ಎಂಬುದು ನನಗೆ ಆಗ ಹೊಳೆಯಿತು. ಒಬ್ಬರು ಬರುವವರು, ಒಬ್ಬರು ಕಾಯುವವರು. ಈ ಮಾತನ್ನು ಹೇಳೋಣವೆಂದು ಬಾಯಿ ತೆರೆದೆ. ರೈಲು ನಮ್ಮೂರಿನ ನಿಲ್ದಾಣದಲ್ಲಿ ನಿಂತಿತ್ತು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

‘ಈಗ್ಯಾಕೆ ಇಷ್ಟು ಬೇಗ ಬಂತು?’ ಎಂದೆ.

ಚಂಪಕಾಳ ತುಟಿಯ ಒಂದು ಮೂಲೆ ಮೇಲೆದ್ದಿತು. ‘ಇಳಿಯೋಕೆ ಮನಸ್ಸಿರ್ಲಿಲ್ಲ’ ಎಂದಳು.

ನನಗೂ ಇರಲಿಲ್ಲ. ರಜೆಯ ದಿನ ರೈಲು ತೆಗೆದುಕೊಂಡಿದ್ದ ಹೊತ್ತನ್ನೇ ಇವತ್ತೂ ತೆಗೆದುಕೊಂಡಿತ್ತು. ಆವತ್ತು ಊರು ಬೇಡವಾಗಿ, ಇವತ್ತು ಪಕ್ಕದ ಸೀಟು ಬೇಕಾಗಿ. ಅಳತೆ ಎಷ್ಟೆಂದು ಮಾತ್ರ ಹೇಳುತ್ತದೆ, ಯಾಕೆಂದು ಹೇಳುವುದಿಲ್ಲ ಎಂಬುದನ್ನು ನಾನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಈಗ ಅದಕ್ಕಿಂತ ದೊಡ್ಡ ತೊಂದರೆ ಮುಂದಿತ್ತು. ಒಟ್ಟಿಗೆ ಕೂರುವ ಸುಖ ಹೆಚ್ಚಿದಷ್ಟೂ ಒಟ್ಟಿಗೆ ಕೂರುವ ಹೊತ್ತು ಕಡಿಮೆಯಾಗುತ್ತದೆ. ಇದನ್ನು ಉದ್ದ ಮಾಡಬೇಕಾದರೆ ಮನೆ ಸೇರುವ ಆಸೆ ಈ ಸುಖಕ್ಕಿಂತಲೂ ದೊಡ್ಡದಿರಬೇಕು. ನಮ್ಮ ಮನೆಯಲ್ಲಿ ಅಂಥದ್ದು ಏನಿದೆ ಎಂದು ಯೋಚಿಸಿದೆ. ಬಿಳಿ ದೀಪ, ನಾನು, ಎರಡು ಕುಂಡದ ಗಿಡ.

ಅವರೆಕಾಯಿಯ ಕಾಲ. ಮರುದಿನ ನಾನು ಅರ್ಧ ದಿನ ರಜೆ ಹಾಕಿ ಸೊಗಡಿನ ಕಾಯಿ ತಂದು, ಸುಲಿದು, ನೆನೆಹಾಕಿ, ಒಂದೊಂದೇ ಕಾಳನ್ನು ಹಿತುಕಿ ಸಾರು ಮಾಡಿದೆ. ತೂಕ ಅಳತೆ ಗೊತ್ತಿದ್ದವನಿಗೆ ಅಡುಗೆ ತಾನಾಗಿ ಬರುತ್ತದೆ ಎನ್ನುವುದು ಸುಳ್ಳು. ಮಸಾಲೆಯನ್ನು ಪಕ್ಕದ ಮನೆಯವರು ಎರಡು ಸಲ ಸರಿಮಾಡಿಕೊಟ್ಟರು. ಅಕ್ಕಿಹಿಟ್ಟಿಗೆ ಸಬ್ಬಸಿಗೆ ಸೊಪ್ಪು, ತೆಂಗಿನತುರಿ ಹಾಕಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಕಾವಲಿಯ ಪಕ್ಕದಲ್ಲಿಟ್ಟೆ. ಸಾರನ್ನು ಮಾತ್ರ ಬಿಸಿಬಿಸಿಯಾಗಿ ಕ್ಯಾರಿಯರಿಗೆ ತುಂಬಿಕೊಂಡು ಸೇತುವೆಗೆ ಹೋದೆ.

ಬೇಕೆಂದೇ ಚಂಪಕಾಳನ್ನು ಒಲ್ಲದವರ ಬೋಗಿಗೆ ಕರೆದುಕೊಂಡು ಹೋದೆ. ಅಲ್ಲಿ ಕೆನ್ನೆ ಕಟ್ಟಿಕೊಂಡವರು, ಬಗಲಲ್ಲಿ ಕಡತ ಹಿಡಿದವರು, ಉಪನ್ಯಾಸದ ಗುಮಾಸ್ತರು ಸಾಲಾಗಿ ಕೂತಿದ್ದರು. ರೈಲು ಸೇತುವೆಯ ಕೊನೆಯ ಕಮಾನು ದಾಟುವಾಗ ನಾನು ಕ್ಯಾರಿಯರಿನ ಮೇಲಿನ ಮುಚ್ಚಳವನ್ನು ಒಂದು ಬೆರಳಿನಷ್ಟು ಎತ್ತಿದೆ.

‘ಅಯ್ಯೋ’ ಎಂದಳು ಚಂಪಕಾ. ‘ಹಿತಕಿದ ಬೇಳೆ.’

‘ಹೂಂ.’

‘ಕೊಡಿ ಇಲ್ಲಿ.’

‘ರೊಟ್ಟಿ ಮನೇಲಿದೆ. ಹಿಟ್ಟು ಕಲಸಿಟ್ಟಿದೀನಿ, ತಟ್ಟೋದೊಂದು ಬಾಕಿ. ಕಾವಲಿ ಮೇಲೆ ಹಾಕಿದ ತಕ್ಷಣ ಅಂಚು ಕೆಂಪಾಗತ್ತಲ್ಲ...’

‘ರೀ, ಬೇಡ, ಹೇಳ್ಬೇಡಿ.’

ಹೊರಗೆ ಕಾಣತೊಡಗಿದ್ದ ನಮ್ಮೂರಿನ ನೀರಿನ ಟ್ಯಾಂಕು ಮೆಲ್ಲಗೆ ಹಿಂದೆ ಸರಿಯಿತು. ಎದುರು ಸೀಟಿನಲ್ಲಿದ್ದ ಗುಮಾಸ್ತ ಮೂಗರಳಿಸಿದ. ‘ಸ್ವಾಮಿ, ಸೊಗಡು ಜೋರಾಗಿದೆಯಲ್ಲ, ಯಾವ ಕಡೆ ಕಾಯಿ?’ ಕೆನ್ನೆ ಕಟ್ಟಿಕೊಂಡಿದ್ದ ಮುದುಕರೊಬ್ಬರು ಬಟ್ಟೆ ಸಡಿಲಿಸಿ, ‘ಹಲ್ಲು ಕಿತ್ತ ಮೇಲೆ ಸಾರು ಕುಡೀಬೋದಾ, ಯಾರಿಗಾದ್ರೂ ಗೊತ್ತಾ?’ ಎಂದು ಇಡೀ ಬೋಗಿಯನ್ನೇ ಕೇಳಿದರು. ಕುಡಿಯಬಹುದು ಎಂದು ನಾಲ್ಕು ಕಡೆಯಿಂದ ಉತ್ತರ ಬಂತು. ಬೇಗ ಕೀಳಿಸಿಕೊಂಡು ಬೇಗ ಮನೆಗೆ ಹೋಗುವ ಆಸೆ ಒಬ್ಬೊಬ್ಬರ ಕಣ್ಣಿನಲ್ಲೂ ಹೊತ್ತಿಕೊಂಡದ್ದನ್ನು ನಾನು ನೋಡಿದೆ. ಟ್ಯಾಂಕು ಚುಕ್ಕೆಯಾಯಿತು.

ಚಂಪಕಾ ನನ್ನ ತೋಳಿಗೆ ಒರಗಿ ಕೂತಳು. ಹಸಿವು ಮರೆಯಲು ಮಾತಾಡತೊಡಗಿದಳು. ನಗರದ ಯಾವ ಬಡಾವಣೆಯ ನೀರಿಗೆ ಯಾವ ರುಚಿ, ಹೊಸ ಮೇಲಧಿಕಾರಿ ಕುದಿಸಿದ ನೀರು ಬಿಟ್ಟು ಏನನ್ನೂ ಕುಡಿಯದಿರುವುದು, ತಾನು ಒಮ್ಮೆ ಕೆಲಸ ಬಿಡಬೇಕೆಂದುಕೊಂಡು ಬಸ್ ನಿಲ್ದಾಣದವರೆಗೆ ಹೋಗಿ ವಾಪಸು ಬಂದದ್ದು. ಆ ಕೊನೆಯದನ್ನು ನಾನು ಕೇಳಿಯೇ ಇರಲಿಲ್ಲ. ಯಾವಾಗ ಎಂದೆ, ಯಾಕೆ ಹೇಳಲಿಲ್ಲ ಎಂದೆ. ‘ಯಾವಾಗ ಹೇಳ್ಲಿ? ನೀವು ಪ್ಲಾಟ್‌ಫಾರಂ ಮೇಲೆ ಸಿಕ್ತಿದ್ರಿ’ ಎಂದಳು. ನಾನೂ ಹೇಳದೆ ಉಳಿಸಿಕೊಂಡಿದ್ದ ಕೆಲವನ್ನು ಹೇಳಿದೆ. ಅವಳು ನಗುವಾಗಲೆಲ್ಲ ಟ್ಯಾಂಕು ತುಸು ಹತ್ತಿರ ಬರುತ್ತಿತ್ತು. ನಾನು ಮುಚ್ಚಳವನ್ನು ಒಂದಿಷ್ಟು ಎತ್ತುತ್ತಿದ್ದೆ, ಅದು ಹಿಂದೆ ಹೋಗುತ್ತಿತ್ತು.

ಧ್ವನಿವರ್ಧಕ ಗೊರಗುಟ್ಟಿತು. ಚಾಲಕನ ಕೋಣೆಯಿಂದ ಬಿಂದುಮಾಧವ ರಾಯರ ದನಿ: ‘ಪ್ರಯಾಣಿಕರ ಗಮನಕ್ಕೆ. ಯಾರ್ರೀ ಅದು? ಒಲ್ಲದವರ ಬೋಗೀಲಿ ಯಾರೋ ಊರಿಗೆ ಹೋಗಕ್ಕೆ ಆಸೆ ಪಡ್ತಿದೀರ. ದಯವಿಟ್ಟು ನಿಲ್ಸಿ. ಮಾರ್ಗದ ಮರ್ಯಾದೆ ಪ್ರಶ್ನೆ.’ ಸ್ವಲ್ಪ ತಡೆದು, ಬೇರೆ ದನಿಯಲ್ಲಿ, ‘ಏನದು ವಾಸನೆ?’ ಎಂಬುದೂ ಕೇಳಿಸಿತು. ಅದರ ಮೇಲೆ ಊರು ಪೂರ್ತಿ ಕಾಣದಾಯಿತು.

ಹೊರಗೆ ಬೆಳಕು ಕಂದಿ ಹೊಲಗಳ ಮೇಲೆ ನೀಲಿ ಇಳಿಯಿತು. ಬೋಗಿಯಲ್ಲಿ ಒಬ್ಬರು ತಮ್ಮ ಮನೆಯ ಅವರೆಕಾಳಿನ ಪದ್ಧತಿ ಹೇಳುತ್ತಿದ್ದರು, ಇನ್ನೊಬ್ಬರು ಅದು ತಪ್ಪು ಎನ್ನುತ್ತಿದ್ದರು. ಮಾತೆಲ್ಲ ಆದ ಮೇಲೆ, ಎಷ್ಟೋ ಹೊತ್ತಿಗೆ, ನಿಲ್ದಾಣದ ದೀಪಗಳು ಕಿಟಕಿಯ ಹತ್ತಿರಕ್ಕೆ ಬಂದವು. ಇಷ್ಟು ಹತ್ತಿರ ಬಂದರೆ ಇನ್ನು ಇಳಿಯುವುದೇ.

ಚಂಪಕಾ ತಲೆಯೆತ್ತದೆ ಕೇಳಿದಳು: ‘ನಾಳೆ ಏನ್ ಮಾಡ್ತೀರ?’

ನಾಳೆಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಆದರೆ ಪ್ಲಾಟ್‌ಫಾರಂನ ಅಂಚು ಕಾಣುತ್ತಿತ್ತು, ತಡಮಾಡುವಂತಿರಲಿಲ್ಲ.

‘ಒತ್ತು ಶ್ಯಾವಿಗೆ’ ಎಂದೆ. ‘ಬೆಲ್ಲದ ಕಾಯಿಹಾಲು.’

ದೀಪಗಳು ಒಂದೊಂದಾಗಿ ದೂರ ಹೋದವು. ಹಿಂದಿನ ಸೀಟಿನಿಂದ ಯಾರೋ ನರಳಿದರು: ‘ಸುಮ್ನಿರಿ ಸ್ವಾಮಿ, ನಮ್ಗೂ ಮನೆಯಿದೆ!’